ಬರೆಯುವ ತಂತ್ರಾಂಶದ ಆಯ್ಕೆ ಮತ್ತು ಕಳೆದುಹೋದ ರಳ

ಹಳಗನ್ನಡವನ್ನು ವಿಶೇಷವಾಗಿ ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿಗಳು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಾಗ ಈಚೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ನೀವು ಯಾವ ತಂತ್ರಾಂಶದಲ್ಲಿ ಬರೆಯುತ್ತೀರಿ? ಹತ್ತು ಹದಿನೈದು ವರ್ಷಗಳ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ, ಯಾವ ಶಾಯಿಯ ಪೆನ್ನು ಎಂದು ಕೇಳಿದಷ್ಟೇ ಹಗುರವಾಗಿ ತೆಗೆದುಕೊಂಡು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಬರೆಯುವ ಸಾಧನವನ್ನು ವಿಚಾರಿಸಿ ಆರಿಸಿಕೊಳ್ಳದೆ ಹೋದದ್ದರಿಂದ ನಾನು ಒಂದು ತಪ್ಪು ಲೇಖನವನ್ನು ಪ್ರಕಟಿಸಿದ್ದೇನೆ. ಅದನ್ನು ಹಿಂತೆಗೆದುಕೊಳ್ಳುವಾಗ ಪಟ್ಟ ನಾಚಿಕೆಯೂ, ಆ ಬಳಿಕ ನನ್ನ ಗಣಕದಲ್ಲಿ ಮಾಡಿಕೊಂಡ ಬದಲಾವಣೆಗಳೂ ಮುಂದೆ ಸಂಶೋಧನೆಗೆ ಇಳಿಯುವವರಿಗೆ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗುರುಗಳು 1970ರ ದಶಕದಲ್ಲಿ ಒಂದು ಮನೆತನದವರ ಬಳಿಯಿದ್ದ ತಾಳೆಗರಿಯ ಪ್ರತಿಯನ್ನು ಅಲ್ಲಿಯೇ ಕುಳಿತು ಓದಿ ನಕಲು ಮಾಡಿಕೊಂಡಿದ್ದರು. ಅದು ಗದ್ಯದಲ್ಲಿರುವ ಜೈನ ಕಥೆಗಳ ಸಂಗ್ರಹ, ನಡುನಡುವೆ ಕಂದಪದ್ಯಗಳಿವೆ. ಸಂಪಾದನೆ ಇನ್ನೂ ಮುಗಿಯದೆ ಇರುವುದರಿಂದ ಗ್ರಂಥದ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ. ಅವರ ನಕಲು ಹನ್ನೊಂದು ನೋಟುಬುಕ್ಕುಗಳಷ್ಟಾಗಿತ್ತು. ಗರಿಯ ಸಂಖ್ಯೆ, ಪಂಕ್ತಿಯ ಸಂಖ್ಯೆ, ಹುಳ ತಿಂದ ಜಾಗದಲ್ಲಿ ಚುಕ್ಕೆಗಳು, ಅನುಮಾನವಿದ್ದಲ್ಲಿ ಕೆಂಪು ಪೆನ್ಸಿಲಿನ ಗೆರೆ, ಹೀಗೆ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅರಗಿಸಿಕೊಂಡವರು ಹೇಗೆ ಮಾಡಬೇಕೋ ಹಾಗೆ ಮಾಡಿದ್ದರು. ಮೂಲಪ್ರತಿ ಆ ಮನೆತನ ಪಾಲಾದಾಗ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗುರುಗಳು ವೃದ್ಧಾಪ್ಯದಲ್ಲಿ ನೋಟುಬುಕ್ಕುಗಳನ್ನು ನನ್ನ ಕೈಗಿತ್ತು, ಇವನ್ನು ಗಣಕದಲ್ಲಿ ಏರಿಸಿಡು ಎಂದರು. ಅದು 2004ನೆಯ ಇಸವಿ.

ಆಗ ನನ್ನ ಮನೆಯಲ್ಲಿ ಗಣಕಯಂತ್ರ ಇರಲಿಲ್ಲ. ಮೊದಲ ಎರಡು ನೋಟುಬುಕ್ಕುಗಳನ್ನು ನಮ್ಮೂರಿನ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಲಗ್ನಪತ್ರಿಕೆ, ಬೀಜದ ಅಂಗಡಿಗಳ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇವುಗಳ ನಡುವೆ ನನ್ನ ಹಳಗನ್ನಡ. ಅಕ್ಷರ ಜೋಡಿಸುತ್ತಿದ್ದ ಹುಡುಗ ಜಾಣ, ಮೊದಲನೆಯ ಪುಟದಲ್ಲಿಯೇ ನಿಂತು ಕೇಳಿದ: “ಗುರುಗಳ, ಈ ಅಕ್ಷರ ನಮ್ಮ ಫಾಂಟಿನ್ಯಾಗ ಇಲ್ಲರಿ. ಳ ಹಾಕ್ಲೇನ್ರಿ?” ಅವನು ಬೆರಳಿಟ್ಟದ್ದು ೞಕಾರದ ಮೇಲೆ. ನಾನು ಅವಸರದಲ್ಲಿದ್ದೆ. “ಸದ್ಯ ಹಾಕಪಾ, ಆಮ್ಯಾಲೆ ತಿದ್ದೋಣ” ಎಂದೆ. ಆ ‘ಆಮ್ಯಾಲೆ’ ಬರಲೇ ಇಲ್ಲ. ಉಳಿದ ಒಂಬತ್ತು ನೋಟುಬುಕ್ಕುಗಳನ್ನು ಮುಂದಿನ ಮೂರು ವರ್ಷಗಳಲ್ಲಿ ನಾನೇ ಮನೆಯಲ್ಲಿ ಏರಿಸಿದೆ. ನಾನು ಬಳಸಿದ ಫಾಂಟಿನಲ್ಲಿ ೞ ಮತ್ತು ಱ ಎರಡೂ ಇದ್ದವು. ಗುರುಗಳು ತೀರಿಕೊಂಡ ಮೇಲೆ ನೋಟುಬುಕ್ಕುಗಳನ್ನು ಅವರ ಮನೆಯವರಿಗೆ ಒಪ್ಪಿಸಿದೆ. ಕೆಲವು ವರ್ಷಗಳಲ್ಲಿ ಆ ಮನೆ ಮಾರಾಟವಾಯಿತು. ಹಳೆಯ ಕಾಗದಗಳೊಂದಿಗೆ ಅವೂ ಹೋದವು. ಹೀಗೆ ಗ್ರಂಥಕ್ಕೆ ಉಳಿದ ಏಕೈಕ ಸಾಕ್ಷಿ ನನ್ನ ಕಡತವಾಯಿತು.

ಈ ಎರಡು ಅಕ್ಷರಗಳ ಬಗೆಗೆ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ವಿಂಗಡಿಸುವಾಗ ರಳ ಎನ್ನುವುದು ಈ ೞಕಾರವನ್ನೇ. ಱ ಎಂಬುದು ಶಕಟರೇಫ, ಬಂಡಿಯ ರ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಒಡೆತನ ಮಾಡು, ಆೞ್ ಎಂದರೆ ಮುಳುಗು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ತಮಿಳು, ಮಲೆಯಾಳಗಳಲ್ಲಿ ಈ ಭೇದ ಇಂದಿಗೂ ಉಳಿದಿದೆ. ಕನ್ನಡದಲ್ಲಿ ೞಕಾರವು ಸ್ವರಗಳ ನಡುವೆ ಳಕಾರದೊಂದಿಗೆ ಕಲೆತುಹೋಯಿತು. ವ್ಯಂಜನದ ಮುಂದೆ ರೇಫವಾಗಿ, ಆಮೇಲೆ ಅದೂ ಅಳಿದು, ಕೞ್ತೆ ಕತ್ತೆಯಾಯಿತು, ಗೞ್ದೆ ಗದ್ದೆಯಾಯಿತು. ಉಚ್ಚಾರಣೆಯಲ್ಲಿ ಭೇದ ಅಳಿದ ಮೇಲೂ ಬರವಣಿಗೆಯಲ್ಲಿ ಪಂಡಿತರು ಅದನ್ನು ಕಾಪಾಡಿಕೊಂಡು ಬಂದರು, ಆದರೆ ಎಡವುತ್ತ ಕಾಪಾಡಿದರು. ಆ ಎಡವಿದ ಜಾಗಗಳೇ ನಮಗೆ ಬೆಲೆಯುಳ್ಳವು. ಒಂದು ಶಾಸನವನ್ನಾಗಲಿ ಪ್ರತಿಯನ್ನಾಗಲಿ ಭಾಷೆಯ ಆಧಾರದಿಂದ ಯಾವ ಕಾಲಕ್ಕೆ ಇರಿಸಬೇಕೆಂದು ಯೋಚಿಸುವಾಗ, ಲಿಪಿಕಾರ ಎಲ್ಲಿ ೞ ಬರೆದ, ಎಲ್ಲಿ ಳ ಬರೆದ, ಎಲ್ಲಿ ಅತಿಜಾಗ್ರತೆಯಿಂದ ಳ ಇರಬೇಕಾದಲ್ಲಿ ೞ ಬರೆದುಬಿಟ್ಟ ಎಂಬುದನ್ನು ಎಣಿಸಿ ನೋಡುತ್ತೇವೆ.

ಎಣಿಸಿ ನೋಡಿದ್ದೇ ನನ್ನ ತಪ್ಪಿಗೆ ಮೂಲವಾಯಿತು. 2013ರ ಸುಮಾರಿಗೆ ಎಲ್ಲರೂ ಯೂನಿಕೋಡಿಗೆ ಬದಲಾಗುತ್ತಿದ್ದರು; ನಾನೂ ನನ್ನ ಕಡತಗಳನ್ನು ಒಂದು ಪರಿವರ್ತಕದ ಮೂಲಕ ಹಾಯಿಸಿ ಹೊಸ ರೂಪಕ್ಕೆ ತಂದೆ. ಪುಟಗಳನ್ನು ಅಲ್ಲಲ್ಲಿ ತೆರೆದು ನೋಡಿದೆ. ಕನ್ನಡ ಕನ್ನಡವಾಗಿಯೇ ಕಂಡಿತು. ಮರುವರ್ಷ ಈ ಗ್ರಂಥದ ಭಾಷೆಯ ಮೇಲೆ ಲೇಖನ ಬರೆಯುವಾಗ, ಪ್ರತಿಯಲ್ಲಿ ರಳವಾಗಲಿ ಶಕಟರೇಫವಾಗಲಿ ಒಂದೂ ಇಲ್ಲವೆಂದೂ, ಆದ್ದರಿಂದ ಇದು ಆ ಭೇದದ ನೆನಪೂ ಅಳಿದಿದ್ದ ಕಾಲದ ಲಿಪಿಕಾರನ ಕೈಬರಹವೆಂದೂ ಸಾಧಿಸಿದೆ. ನಾನೇ ಮೂರು ವರ್ಷ ಕೈಯಾರೆ ಆ ಅಕ್ಷರಗಳನ್ನು ಒತ್ತಿದ್ದೆನೆಂಬುದು ನೆನಪಿಗೆ ಬರಬೇಡವೇ ಎಂದು ಓದುಗರು ಕೇಳಬಹುದು. ಬರಲಿಲ್ಲ. ಮೊದಲ ಎರಡು ನೋಟುಬುಕ್ಕುಗಳ ಅನುಭವವೇ ಮನಸ್ಸಿನಲ್ಲಿ ಉಳಿದಿತ್ತೋ, ಕಣ್ಣೆದುರಿಗಿನ ಪರದೆಯನ್ನು ನೆನಪಿಗಿಂತ ಹೆಚ್ಚು ನಂಬಿದೆನೋ ಹೇಳಲಾರೆ. ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರು ಅದನ್ನು ತಮ್ಮ ಬರಹಗಳಲ್ಲಿ ಉಲ್ಲೇಖಿಸಿದರು ಕೂಡ.

2019ರಲ್ಲಿ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಪದಸೂಚಿ ತಯಾರಿಸುವ ಕೆಲಸಕ್ಕೆಂದು ಆ ಕಡತವನ್ನು ನನ್ನಿಂದ ಪಡೆದುಕೊಂಡಳು. ವಾರದ ಮೇಲೆ ಬಂದು, “ಸರ, ಇದರಾಗ ರಳ ಎಷ್ಟು ಅದಾವ ಅಂತ ಹುಡುಕಿದೆ. ಸೊನ್ನಿ ಬಂತು. ಶಕಟರೇಫನೂ ಸೊನ್ನಿ. ಇದು ಲಿಪಿಕಾರ ಮಾಡಿದ್ದೋ, ಕಂಪ್ಯೂಟರ್ ಮಾಡಿದ್ದೋ?” ಎಂದಳು. ನಾನು ನನ್ನ ಲೇಖನವನ್ನು ತೋರಿಸಿದೆ. ಅವಳು ಓದಿ, ತುಸು ಅಂಜುತ್ತಲೇ, ಆದರೆ ಬಿಡದೆ ಹೇಳಿದಳು: ತಪ್ಪುವ ಲಿಪಿಕಾರ ಒಮ್ಮೆ ತಪ್ಪುತ್ತಾನೆ, ಒಮ್ಮೆ ಸರಿ ಬರೆಯುತ್ತಾನೆ, ಇಷ್ಟು ಗರಿಗಳಲ್ಲಿ ಒಂದು ಸಲವೂ, ಹಳೆಯ ಕಾವ್ಯಗಳಿಂದ ಎತ್ತಿಕೊಂಡ ಪದ್ಯಗಳಲ್ಲಿ ಕೂಡ, ಒಂದೇ ಒಂದು ರಳ ಜಾರಿಬಿದ್ದಿಲ್ಲವೆಂದರೆ ಹೇಗೆ? ಆ ಕ್ಷಣ ನನಗೆ ತಿಳಿಯಿತು. ಮನುಷ್ಯನು ಇಷ್ಟು ನಿಷ್ಠೆಯಿಂದ ತಪ್ಪು ಮಾಡುವುದಿಲ್ಲ. ಅಂಥ ನಿಷ್ಠೆ ಯಂತ್ರದ್ದು.

ಹಳೆಯ ಕಡತ ಒಂದು ಸಿ.ಡಿ.ಯಲ್ಲಿ ಉಳಿದಿತ್ತು. ಅದನ್ನು ಓದಬಲ್ಲ ಯಂತ್ರ ಹುಡುಕಲು ಎರಡು ದಿನ ಬೇಕಾಯಿತು. ತೆರೆದರೆ ಕಂಡದ್ದು ಕನ್ನಡವಲ್ಲ. ಯುರೋಪಿನ ಯಾವುದೋ ಭಾಷೆಯ ಸ್ವರಚಿಹ್ನೆಗಳನ್ನು ಕಲಸಿ ಚೆಲ್ಲಿದಂತೆ ಸಾಲುಗಳು. ಇದಕ್ಕೆ ಕಾರಣವನ್ನು ಇಂದಿನ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನಾವು ಏರಿಸುತ್ತಿದ್ದುದು ಕನ್ನಡದ ಅಕ್ಷರಗಳನ್ನಲ್ಲ, ಅಕ್ಷರದ ತುಂಡುಗಳನ್ನು. ಒಂದು ಫಾಂಟಿನಲ್ಲಿ ಇರುವುದು 256 ಮನೆಗಳು. ಆ ಮನೆಗಳು ಹುಟ್ಟಿದ್ದು ರೋಮನ್ ಅಕ್ಷರಗಳಿಗಾಗಿ. ಅವುಗಳಲ್ಲಿ ತಲೆಕಟ್ಟು, ಕೊಂಬು, ಒತ್ತು, ಅರ್ಕಾವೊತ್ತುಗಳನ್ನು ಬಿಡಿಬಿಡಿಯಾಗಿ ತುಂಬಿ, ಪರದೆಯ ಮೇಲೆ ಜೋಡಿಸಿ ಕನ್ನಡದಂತೆ ಕಾಣಿಸುತ್ತಿದ್ದೆವು. ಸೂರ್ಯ ಎಂದು ಬರೆದರೆ ಉಚ್ಚಾರದಲ್ಲಿ ಮೊದಲು ಬರುವ ರೇಫ ಕಡತದಲ್ಲಿ ಯಕಾರದ ಹಿಂದೆ ಕುಳಿತಿರುತ್ತಿತ್ತು, ಏಕೆಂದರೆ ಕಣ್ಣಿಗೆ ಕಾಣುವ ಕ್ರಮ ಅದು. ಯಾವ ತುಂಡು ಎಷ್ಟನೆಯ ಮನೆಯಲ್ಲಿ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ಪರಿವರ್ತಕವೆಂದರೆ ಈ ಮನೆಗಳ ಪಟ್ಟಿ. ಇಂಥ ಮನೆಯಲ್ಲಿರುವುದು ಇಂಥ ಅಕ್ಷರವೆಂಬ ಒಕ್ಕಣೆ. ನಾನು ಬಳಸಿದ ಪರಿವರ್ತಕದ ಪಟ್ಟಿಯಲ್ಲಿ ೞ ಇದ್ದ ಮನೆಗೆ ಎದುರಾಗಿ ಳ ಎಂದೂ, ಱ ಇದ್ದ ಮನೆಗೆ ಎದುರಾಗಿ ರ ಎಂದೂ ಇತ್ತು. ಪಟ್ಟಿ ಮಾಡಿದವರಿಗೆ ಅವು ಒಂದೇ ಅಕ್ಷರದ ಹಳೆಯ ರೂಪಗಳೆಂದು ತೋರಿರಬೇಕು. ಅವರನ್ನು ದೂರುವುದಿಲ್ಲ, ಪತ್ರ, ವರದಿಗಳಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಪಟ್ಟಿಯನ್ನು ತೆರೆದು ನೋಡದೆ ಗ್ರಂಥವನ್ನು ಅದರೊಳಗೆ ನೂಕಿದವನು ನಾನು.

ಹಳೆಯ ಕಡತದಲ್ಲಿ ಆ ಮನೆಯ ಸಂಖ್ಯೆಯನ್ನು ಹುಡುಕಿದಾಗ ರಳಗಳು ಸಾಲುಸಾಲಾಗಿ ಸಿಕ್ಕವು. ಸರಿಯಾದವು, ತಪ್ಪಾದವು, ಅತಿಜಾಗ್ರತೆಯವು, ಎಲ್ಲವೂ. ಲಿಪಿಕಾರನು ಹಳೆಯ ಮಾತೃಕೆಯನ್ನು ಮುಂದಿಟ್ಟುಕೊಂಡು, ತನ್ನ ನಾಲಗೆಯಲ್ಲಿ ಇಲ್ಲದ ಭೇದವನ್ನು ಕಣ್ಣಿನಿಂದ ಕಾಪಾಡಲು ಹೆಣಗಿದವನೆಂಬುದು ಸ್ಪಷ್ಟವಾಯಿತು. ಅಂದರೆ ನನ್ನ ತೀರ್ಮಾನಕ್ಕೆ ಬಹುಮಟ್ಟಿಗೆ ವಿರುದ್ಧ. ಪತ್ರಿಕೆಗೆ ತಿದ್ದುಪಡಿಯ ಪತ್ರ ಬರೆದೆ, ಮುದ್ರಿಸಿದರು.

ತಂತ್ರಾಂಶದ ವಿಚಾರವನ್ನು ನಾನು ಮನಸ್ಸಿಟ್ಟು ನೋಡಲು ತೊಡಗಿದ್ದು ಇದಾದ ಮೇಲೆ. ಅಲ್ಲಿಯವರೆಗೆ ನನಗೆ ಪದಸಂಸ್ಕಾರಕ ಮತ್ತು ಪಠ್ಯಸಂಪಾದಕ ಎಂಬ ಎರಡು ಜಾತಿಗಳಿರುವುದೇ ಗೊತ್ತಿರಲಿಲ್ಲ. ವರ್ಡ್, ಲಿಬ್ರೆಆಫೀಸ್ ಮುಂತಾದವು ಪದಸಂಸ್ಕಾರಕಗಳು. ಅವುಗಳಲ್ಲಿ ಅಕ್ಷರದ ಜೊತೆಗೆ ಅದರ ಗಾತ್ರ, ಬಣ್ಣ, ಅಂಚು, ಪುಟ ಎಲ್ಲವೂ ಕಡತದೊಳಗೆ ಹೆಣೆದುಕೊಂಡಿರುತ್ತವೆ. ಅಚ್ಚಿಗೆ ಕೊಡುವಾಗ ಅದು ಬೇಕು. ಆದರೆ ಅವು ನಮಗಿಂತ ಜಾಣರಾಗಲು ಹೊರಡುತ್ತವೆ: ತಾವೇ ತಿದ್ದುತ್ತವೆ, ಉದ್ಧರಣಚಿಹ್ನೆ ಬದಲಿಸುತ್ತವೆ, ಹಳಗನ್ನಡದ ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆಯುತ್ತವೆ. ಪಠ್ಯಸಂಪಾದಕವು ಅಕ್ಷರಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಒತ್ತಿದ್ದನ್ನು ಒತ್ತಿದಂತೆ. ಗರಿಯ ಮೇಲೆ ಏನಿದೆಯೋ ಅದನ್ನು ಮೊದಲು ಬರೆದುಕೋ, ಅಲಂಕಾರ ಆಮೇಲೆ ಎಂದು ಗುರುಗಳು ಹೇಳುತ್ತಿದ್ದುದಕ್ಕೆ ಒಪ್ಪುವ ಸಾಧನ ಇದು.

ಆರಿಸುವ ಮುನ್ನ ಒಂದು ಪರೀಕ್ಷೆಯ ಸಾಲನ್ನು ಮಾಡಿಕೊಂಡೆ. ಅದರಲ್ಲಿ ಬಾಳ್, ಬಾೞ್, ಅರಿ, ಅಱಿ ಎಂಬ ಪದಗಳು. ಸ್ತ್ರೀ ಎಂಬ ಒಂದು ಕಠಿನ ಸಂಯುಕ್ತಾಕ್ಷರ. ಕೊಡೆ ಎಂಬ ಪದ ಎರಡು ಸಲ. ಎರಡು ಸಲ ಏಕೆಂದರೆ, ಯೂನಿಕೋಡಿನಲ್ಲಿ ಕೊ ಎಂಬುದನ್ನು ಒತ್ವದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಒಂದರ ಹಿಂದೊಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಪದಸೂಚಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಅರ್ಧ ಪ್ರಯೋಗಗಳು ಕಾಣೆಯಾದರೂ ಕಾಣೆಯಾದದ್ದು ಗೊತ್ತಾಗುವುದಿಲ್ಲ. ಪರಿವರ್ತಕಗಳಿಂದ ಬಂದ ಹಳೆಯ ಕಡತಗಳಲ್ಲಿ ಈ ಬೆರಕೆ ನನಗೆ ಧಾರಾಳವಾಗಿ ಸಿಕ್ಕಿದೆ. ಇವುಗಳೊಂದಿಗೆ ಪರೀಕ್ಷೆಯ ಸಾಲಿನಲ್ಲಿ ಒಂದು ಕಾಣದ ಅಕ್ಷರವನ್ನೂ ಸೇರಿಸಿದೆ. ರಾಜ್‌ಕುಮಾರ್ ಎಂದು ಬರೆಯುವಾಗ ಜ ಮತ್ತು ಕ ಕೂಡಿಕೊಳ್ಳದಂತೆ ನಡುವೆ ನಿಲ್ಲುವ, ಅಗಲವೇ ಇಲ್ಲದ ಆ ಅಕ್ಷರಕ್ಕೆ ಯೂನಿಕೋಡಿನಲ್ಲಿ 8204ನೆಯ ಸ್ಥಾನ. ಕಾಣದಿದ್ದರೂ ಅದು ಕಡತದಲ್ಲಿ ಇರುತ್ತದೆ, ಹುಡುಕಾಟವನ್ನು ತಪ್ಪಿಸುತ್ತದೆ.

ವಿಂಡೋಸಿನೊಂದಿಗೆ ಬರುವ ನೋಟ್‌ಪ್ಯಾಡ್ ಈ ಸಾಲನ್ನು ಸರಿಯಾಗಿ ತೋರಿಸಿತು, ಆದರೆ ಅದರೊಳಗೆ ಏನಿದೆಯೆಂದು ಹೇಳಲಿಲ್ಲ. ಬೆಂಗಳೂರಿನಲ್ಲಿ ಗಣಕದ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಬಹಳ ಹೊಗಳಿದ ವಿಮ್ ಎಂಬುದನ್ನು ಕಪ್ಪು ಪರದೆಯ ಟರ್ಮಿನಲ್ಲಿನಲ್ಲಿ ತೆರೆದಾಗ ಗುಣಿತಚಿಹ್ನೆಗಳು ಒಂದೆಡೆ, ಒತ್ತುಗಳು ಒಂದೆಡೆ ಚೆದುರಿದವು. ಪ್ರತಿ ಅಕ್ಷರಕ್ಕೂ ಸಮನಾದ ಚೌಕವೆಂದು ಎಣಿಸುವ ಅಂಥ ಪರದೆಗೆ ಕನ್ನಡ ಒಗ್ಗುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಚೆನ್ನಾಗಿತ್ತು. ಈಚಿನ ಆವೃತ್ತಿಗಳಲ್ಲಿ ಅದು ಕಾಣದ ಅಕ್ಷರಗಳನ್ನೂ ತೋರಿಸುತ್ತದೆ. ಹೆಚ್ಚು ತಾಂತ್ರಿಕತೆ ಬೇಡವೆನ್ನುವ ವಿದ್ಯಾರ್ಥಿಗಳಿಗೆ ಇಂದಿಗೂ ಅದನ್ನೇ ಹೇಳುತ್ತೇನೆ. ವಿಎಸ್ ಕೋಡ್ ಎಂಬುದು ಕಾಣದ ಅಕ್ಷರಗಳ ಸುತ್ತ ತಾನಾಗಿಯೇ ಚೌಕ ಹಾಕಿ ಎಚ್ಚರಿಸುತ್ತದೆ. ಅದನ್ನು ಮಾಡಿದವರು ಕಳ್ಳ ಸಂಕೇತಗಳನ್ನು ಹಿಡಿಯಲೆಂದು ಇಟ್ಟ ಕಾವಲು ನಮಗೆ ಗ್ರಂಥಸಂಪಾದನೆಯಲ್ಲಿ ಒದಗುತ್ತದೆ.

ಕೊನೆಗೆ ನಾನು ನಿಂತದ್ದು ಈಮ್ಯಾಕ್ಸ್ ಎಂಬುದರಲ್ಲಿ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ, 1985ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಗ್ನೂ ಯೋಜನೆಯ ಭಾಗವಾಗಿ ಸ್ವತಂತ್ರ ತಂತ್ರಾಂಶವಾಗಿ ಹೊರತಂದ ಮುದುಕ ಇದು. ನಿವೃತ್ತನಾದ ಕನ್ನಡ ಮೇಷ್ಟ್ರು ಇದನ್ನು ಹಿಡಿದದ್ದು ಲಾಕ್‌ಡೌನಿನ ಬಿಡುವಿನಲ್ಲಿ. ಒಳಗೆ ಹೋಗುವುದು ಸುಲಭ. ಹೊರಗೆ ಬರುವ ಕೀಲಿಗಳನ್ನು ಕಲಿಯುವಷ್ಟರಲ್ಲಿ ಎರಡು ಸಲ ವಿದ್ಯುತ್ತು ಹೋಗಿ ಅದೇ ನನ್ನನ್ನು ಹೊರಗೆ ಹಾಕಿತು. ಆದರೂ ಬಿಡದಿರಲು ಕಾರಣವಿತ್ತು. ಯಾವ ಅಕ್ಷರದ ಮೇಲೆ ಸೂಚಕವನ್ನು ಇಟ್ಟು ಕೇಳಿದರೂ ಅದರ ಹೆಸರು, ಸಂಖ್ಯೆ, ಯಾವ ಫಾಂಟಿನಿಂದ ಮೂಡಿದೆ ಎಂಬುದನ್ನೆಲ್ಲ ಅದು ಹೇಳುತ್ತದೆ. ಒಂದೇ ರೂಪದ ಎರಡು ಕೊಗಳನ್ನು ಒಂದು ಆಜ್ಞೆಯಿಂದ ಏಕರೂಪಕ್ಕೆ ತರುತ್ತದೆ. 2020ರಲ್ಲಿ ಬಂದ 27ನೆಯ ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಯಂತ್ರವನ್ನು ಅಳವಡಿಸಿಕೊಂಡ ಮೇಲೆ ಕನ್ನಡದ ಒತ್ತುಗಳೂ ಅದರಲ್ಲಿ ಸರಿಯಾಗಿ ಕೂರುತ್ತಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

ತಿದ್ದಿಕೊಳ್ಳುವುದೆಂದಾಗ ನನಗೆ ನೆನಪಾಗುವುದು ತಾಳೆಗರಿಯ ಲಿಪಿಕಾರರು. ಅವರಿಗೆ ಬರೆಯುವ ಸಾಮಗ್ರಿ ಸಿದ್ಧವಾಗಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗರಿಯನ್ನು ಕುದಿಸಿ, ಒಣಗಿಸಿ, ತಿಕ್ಕಿ ನಯಗೊಳಿಸಿ, ಅಳತೆಗೆ ಕತ್ತರಿಸಿ, ತೂತು ಕೊರೆದು, ಕೈಗೆ ಹೊಂದುವ ಕಂಠವನ್ನು ಮಾಡಿಸಿಕೊಂಡು, ಗೀರಿದ ಅಕ್ಷರಕ್ಕೆ ಮಸಿ ತೀಡಿ ಓದಬರುವಂತೆ ಮಾಡುವವರೆಗೂ ಎಲ್ಲವೂ ಅವರ ವಿದ್ಯೆಯ ಭಾಗ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿದಳೆಂದು ನಾವು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಸಾವಿರಕ್ಕೆ ಎಷ್ಟು ಕಂಠಗಳು ಸವೆದಿರಬಹುದೆಂದು ಲೆಕ್ಕ ಹಾಕಿದವರು ಕಡಿಮೆ.

ನನ್ನ ತಿದ್ದುಪಡಿಗಳು ಸಣ್ಣವು. ಕೀಲಿಮಣೆಯನ್ನು ನನ್ನ ಬೆರಳಿಗೆ ಒಗ್ಗಿಸಿಕೊಂಡಿದ್ದೇನೆ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅದನ್ನೇ ಅನುಸರಿಸಿದ ಗಣಕ ಪರಿಷತ್ತಿನ ನುಡಿಯಲ್ಲಿ, ನಮ್ಮ ತಲೆಮಾರಿನವರ ಕೈ ಪಳಗಿದೆ. ವ್ಯಂಜನ, ಆಮೇಲೆ ಹಲಂತದ ಕೀಲಿ, ಆಮೇಲೆ ಒತ್ತು. ಅದನ್ನು ಬಿಡುವ ಕಾರಣವಿರಲಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಿಂದ ಇಂಗ್ಲಿಷ್ ಅಕ್ಷರಗಳ ಮೂಲಕವೇ ಕನ್ನಡ ಮೂಡಿಸುವ ದಾರಿಯನ್ನು ಮನೆಮನೆಗೆ ತಂದಿತು. ಅದರಲ್ಲಿ ಪಳಗಿದ ಕಿರಿಯರು ಆ ದಾರಿಯಲ್ಲೇ ಇರಲಿ. ಈಮ್ಯಾಕ್ಸಿನ ಕ್ವೇಲ್ ಎಂಬ ಏರ್ಪಾಟಿನಲ್ಲಿ ನಮ್ಮದೇ ಕೀಲಿಪಟ್ಟಿಯನ್ನು ಬರೆದುಕೊಳ್ಳಬಹುದು. ನಾನು ಹಳೆಯ ವಿನ್ಯಾಸವನ್ನು ಇದ್ದಂತೆ ಇಟ್ಟು, ಬಳಸದ ಎರಡು ಕೀಲಿಗಳಿಗೆ ೞ ಮತ್ತು ಱ ಕೊಟ್ಟೆ. ಒಂದೇ ಒತ್ತಿಗೆ ಸಿಗದ ಅಕ್ಷರವನ್ನು ದಣಿದ ಕೈ ತಪ್ಪಿಸುತ್ತದೆ. ಡಿಟಿಪಿ ಹುಡುಗನಿಗೆ ನಾನು ಕೊಟ್ಟ ಉತ್ತರವೇ ಅದಕ್ಕೆ ಸಾಕ್ಷಿ.

ಎರಡನೆಯದು ಬಣ್ಣ. ಕಡತ ತೆರೆದ ಕೂಡಲೇ ರಳವೆಲ್ಲ ಕೆಂಪಾಗಿ, ಶಕಟರೇಫವೆಲ್ಲ ನೀಲಿಯಾಗಿ ಕಾಣುವಂತೆ ಮಾಡಿಕೊಂಡಿದ್ದೇನೆ. ಮೊದಲು ಆರಿಸಿದ ಕೆಂಪು ಮಂಕಾಗಿತ್ತು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ಬದಲಿಸಿದ ಮೇಲೆ ಕಣ್ಣಿಗೆ ಹಿಡಿಯಿತು. ಆ ಕಾಯಿಗೂ ಹೆಸರು ಬಂದದ್ದು ಖಾರಕ್ಕಿಂತ ಬಣ್ಣದಿಂದಲೇ ಅಲ್ಲವೇ. ಈಗ ಒಂದು ಪುಟದಲ್ಲಿ ಕೆಂಪು ಇಲ್ಲವೆಂದರೆ ದೂರದಿಂದಲೇ ತಿಳಿಯುತ್ತದೆ. 2013ರಲ್ಲಿ ಇಷ್ಟೇ ಇದ್ದಿದ್ದರೆ ಸಾಕಾಗಿತ್ತು.

ಅಕಾರಾದಿಯ ಸಮಸ್ಯೆ ಇನ್ನೊಂದು. ಗಣಕವನ್ನು ಅದರ ಪಾಡಿಗೆ ಬಿಟ್ಟರೆ ಯೂನಿಕೋಡಿನ ಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸುತ್ತದೆ. ಕನ್ನಡಕ್ಕೆ ಕೊಟ್ಟಿರುವುದು 3200ರಿಂದ 3327ರವರೆಗಿನ ಮನೆಗಳು. ರ 3248, ಅದರ ಪಕ್ಕದಲ್ಲಿ ಱ 3249; ಇದು ಸರಿ. ಳ 3251. ೞ ಮಾತ್ರ ಎಲ್ಲೋ ದೂರದಲ್ಲಿ, ಹಕಾರವನ್ನೂ ಗುಣಿತಚಿಹ್ನೆಗಳನ್ನೂ ದಾಟಿ 3294ರಲ್ಲಿದೆ. ಹೀಗಾಗಿ ಬಾೞ್ ಎಂಬುದು ಬಾಹು, ಬಾಹ್ಯಗಳಾದ ಮೇಲೆ ಬಂದು ಕೂರುತ್ತದೆ. ಇದರ ಕಾರಣ ಸ್ವಾರಸ್ಯವಾದದ್ದು. ಭಾರತೀಯ ಲಿಪಿಗಳಿಗೆ ಯೂನಿಕೋಡಿನಲ್ಲಿ ಸಮಾನಾಂತರ ಮನೆಗಳಿವೆ. ತಮಿಳು, ಮಲೆಯಾಳಗಳಲ್ಲಿ ೞಕಾರ ಳಕಾರದ ಪಕ್ಕದ ಮನೆಯಲ್ಲಿಯೇ ಇದೆ. ಕನ್ನಡದಲ್ಲಿ ಆ ಮನೆ, 3252, ಖಾಲಿ ಉಳಿದಿದೆ. ನಮ್ಮ ೞಕಾರವನ್ನು ಇರಿಸಿದ್ದು ದೇವನಾಗರಿಯಲ್ಲಿ ಚುಕ್ಕೆಯುಳ್ಳ ಫಕಾರ, ಅಂದರೆ ‘ಫಾದರ್’ನ ಫ, ಇರುವ ಮನೆಗೆ ಸಮನಾದ ಜಾಗದಲ್ಲಿ, ಹೆಸರನ್ನೂ ಹಾಗೆಯೇ ‘ಕನ್ನಡ ಅಕ್ಷರ ಫ’ ಎಂದು ಕೊಟ್ಟುಬಿಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಇದು ತಪ್ಪು ಹೆಸರು, ಸರಿಯಾದದ್ದು ಇಂಥದು ಎಂಬ ಸೂಚನೆಯನ್ನು ಪಕ್ಕದಲ್ಲಿ ಸೇರಿಸಿ ಬಿಟ್ಟಿದ್ದಾರೆ. ಕೇಶಿರಾಜ ಅಷ್ಟು ಶ್ರಮಪಟ್ಟು ಬೇರ್ಪಡಿಸಿದ ಅಕ್ಷರಕ್ಕೆ ಇಂಗ್ಲಿಷ್ ‘ಫಾದರ್’ನ ಹೆಸರು ಶಾಶ್ವತವಾಗಿ ಅಂಟಿಕೊಂಡಿದೆ. ಪದಸೂಚಿಗಾಗಿ ನಾನು ಬೇರೆ ಕ್ರಮದ ಪಟ್ಟಿಯನ್ನು ಬರೆಸಿಕೊಂಡೆ. ಅಕ್ಕನ ಮಗ ಅದನ್ನು ಒಂದು ಸಂಜೆಯಲ್ಲಿ ಮಾಡಿಕೊಟ್ಟ.

ಯೂನಿಕೋಡನ್ನು ದೂರಿದ್ದಾಯಿತು, ಹೊಗಳುವುದೂ ನ್ಯಾಯ. ಹಳೆಯ ಶಾಸನಗಳ ನಕಾರಪೊಲ್ಲಿಗೆ 2021ರ 14ನೆಯ ಆವೃತ್ತಿಯಲ್ಲಿ ಸ್ವಂತ ಸ್ಥಾನ ದೊರೆಯಿತು. ಜಿಹ್ವಾಮೂಲೀಯ, ಉಪಧ್ಮಾನೀಯಗಳಿಗೆ ಮೊದಲೇ ಇದೆ. ನಮ್ಮ ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಮುಕ್ತೇಶ್ವರ ದೇವಾಲಯದ ಶಾಸನಗಳ ಮುಂದೆ ಕೂರಿಸಿ ಓದಿಸುತ್ತೇನೆ. ಕಲ್ಲಿನ ಮೇಲೆ ಕಂಡದ್ದನ್ನು ಕಂಡಂತೆ ಗಣಕಕ್ಕೆ ಏರಿಸಲು ಇಂದು ಅಕ್ಷರಗಳಿಗೆ ಬರವಿಲ್ಲ. ಫಾಂಟು ಹೊಸದ್ದಾಗಿರಬೇಕು, ಅಷ್ಟೇ. ನಾನು ನೋಟೋ ಸೆರಿಫ್ ಕನ್ನಡವನ್ನು ದೊಡ್ಡ ಗಾತ್ರದಲ್ಲಿ ಬಳಸುತ್ತೇನೆ.

ಇಷ್ಟೆಲ್ಲ ಆದರೂ ಮೊದಲ ಎರಡು ನೋಟುಬುಕ್ಕುಗಳ ಭಾಗ ಹಾಗೆಯೇ ಉಳಿದಿದೆ. ಅಲ್ಲಿ ರಳವನ್ನು ಅಳಿಸಿದ್ದು ಪರಿವರ್ತಕವಲ್ಲ, ನನ್ನ ಮಾತು. ಯಾವ ಹಳೆಯ ಕಡತದಲ್ಲಿಯೂ ಅದು ಇಲ್ಲ. ಕಿಟೆಲ್ಲರ 1894ರ ನಿಘಂಟನ್ನು ಮುಂದಿಟ್ಟುಕೊಂಡು, ಎಲ್ಲಿ ೞ ಇರಬೇಕೋ ಅಲ್ಲೆಲ್ಲ ಹಾಕಿಬಿಡಿ ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ಗಣಕಕ್ಕೆ ಅದು ಕ್ಷಣದ ಕೆಲಸ. ಆದರೆ ನಿಘಂಟು ಹೇಳುವುದು ಪದದ ಸರಿಯಾದ ರೂಪವನ್ನು. ನನಗೆ ಬೇಕಾದದ್ದು ಲಿಪಿಕಾರ ಬರೆದದ್ದು. ಕಂದಪದ್ಯಗಳ ಆದಿಪ್ರಾಸವೂ ಕವಿಯ ಸಾಕ್ಷಿಯಾದೀತೇ ಹೊರತು ಲಿಪಿಕಾರನದಲ್ಲ. ಆದ್ದರಿಂದ ಆ ಭಾಗದಲ್ಲಿ ಸಂಶಯಾಸ್ಪದವಾದ ಪ್ರತಿಯೊಂದು ಳಕಾರದ ಮುಂದೆಯೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿದ್ದೇನೆ. ಪರದೆಯ ಮೇಲೆ ಅವು ಹಳದಿಯಾಗಿ ಕಾಣುತ್ತವೆ. ಪುಟ ನೋಡಲು ಅಂದವಾಗಿಲ್ಲ.

ಹೋದ ದೀಪಾವಳಿಯಲ್ಲಿ ಕಪಾಟು ಸ್ವಚ್ಛಮಾಡುತ್ತಿದ್ದಾಗ ಹಳೆಯ ಪುಸ್ತಕವೊಂದರ ನಡುವೆ ಗುರುಗಳು ನನಗೆ ಬರೆದಿದ್ದ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಯಾವುದೋ ಪದದ ಅರ್ಥ ಕೇಳಿ, ಗ್ರಂಥದ ಎರಡನೆಯ ಕಥೆಯಿಂದ ಮೂರು ಸಾಲುಗಳನ್ನು ಎತ್ತಿ ಬರೆದಿದ್ದರು. ಅದರಲ್ಲಿ ‘ಪೊೞಲ್’ ಎಂಬ ಪದ ಬರುತ್ತದೆ. ನನ್ನ ಕಡತದಲ್ಲಿ ‘ಪೊಳಲ್’ ಎಂದಿದ್ದು, ಮುಂದೆ ಹಳದಿ ಚಿಹ್ನೆ ಇದೆ. ನಿಘಂಟಿನ ಪ್ರಕಾರ ರಳವೇ ಇರಬೇಕು. ತಿದ್ದುವುದಾದರೆ ಮೊದಲು ತಿದ್ದುತ್ತಿದ್ದದ್ದು ಅದನ್ನೇ. ಪತ್ರದಲ್ಲಿ ಗುರುಗಳು ಸ್ಪಷ್ಟವಾಗಿ ‘ಪೊಳಲ್’ ಎಂದೇ ಬರೆದು, ಳಕಾರದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ‘ಗರಿಯಲ್ಲಿ ಹೀಗೆಯೇ ಇದೆ’ ಎಂದು ಸೇರಿಸಿದ್ದರು. ಅಂದು ರಾತ್ರಿ ಕಡತವನ್ನು ತೆರೆದು ಆ ಒಂದು ಸ್ಥಳದ ಚಿಹ್ನೆಯನ್ನು ಅಳಿಸಿದೆ. ಉಳಿದವು ಇದ್ದಲ್ಲಿಯೇ ಇವೆ.